ಹೆಸರಿನ ಪಹಣಿ

ನಾಲ್ಕು ಜನ ಸಾಫ್ಟ್‌ವೇರಿನವರು ಒಂದು ಕಡೆ ಟೀ ಕುಡಿಯೋಕೆ ನಿಂತರೆ ಮಾತು ಕೊನೆಗೆ ದುಡ್ಡು ಎಲ್ಲಿ ಹಾಕೋದು ಅನ್ನೋದಕ್ಕೇ ಬಂದು ನಿಲ್ಲುತ್ತೆ. ಮೊದಲು ಸೈಟು, ಆಮೇಲೆ ಮ್ಯೂಚುವಲ್ ಫಂಡು, ಆಮೇಲೆ ಕ್ರಿಪ್ಟೋ. ಈ ನಡುವೆ ಯಾರಾದರೂ ಒಬ್ಬ ಮೆಲ್ಲಗೆ ಹೇಳ್ತಾನೆ, "ನನ್ನ ಹತ್ರ ಒಂದು ಅರವತ್ತು ಡೊಮೇನ್ ಇದೆ ಮಗಾ." ಹೇಳುವಾಗ ಅವನ ಮುಖದಲ್ಲಿ ಎರಡೆಕರೆ ತೆಂಗಿನ ತೋಟ ಕೊಂಡವನ ಕಳೆ ಇರುತ್ತೆ. ಡೊಮೇನ್ ಅಂದರೆ ಗೊತ್ತಲ್ಲ, ಬ್ರೌಸರಿನಲ್ಲಿ ನಾವು ಹೊಡೆಯೋ ವಿಳಾಸ, ಏನೋ ಒಂದು ಡಾಟ್ ಕಾಮ್. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಕಟ್ಟಿ ಒಳ್ಳೆ ಹೆಸರೊಂದನ್ನು ಹಿಡಿದಿಟ್ಟುಕೊಳ್ಳೋದು, ಆ ಹೆಸರು ಬೇಕಾದ ಕಂಪನಿ ಹುಡುಕಿಕೊಂಡು ಬಂದಾಗ ಲಕ್ಷಕ್ಕೋ ಕೋಟಿಗೋ ಮಾರೋದು. 2019ರಲ್ಲಿ ವಾಯ್ಸ್.ಕಾಮ್ ಅನ್ನೋ ಒಂದೇ ಒಂದು ಹೆಸರು 3 ಕೋಟಿ ಡಾಲರಿಗೆ ಮಾರಾಟವಾಯಿತು. ಇಂಥ ಸುದ್ದಿ ಕೇಳಿದ ಮೇಲೆ ಯಾರಿಗೆ ತಾನೇ ಆಸೆ ಆಗಲ್ಲ?

ನನಗೆ ಬೆಲೆಗಿಂತ ಜಾಸ್ತಿ ಕುತೂಹಲ ಆ "ನನ್ನ ಹತ್ರ ಇದೆ" ಅನ್ನೋ ಮಾತಿನ ಬಗ್ಗೆ. ಹಳ್ಳಿಯಲ್ಲಿ ಬೆಳೆದವರು ಈ ಮಾತನ್ನು ಕೇಳಿದ ಕೂಡಲೇ ಒಪ್ಪಲ್ಲ. ಉಳುತ್ತಿರೋನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು, ಕ್ರಯಪತ್ರ ಮತ್ತೊಬ್ಬರ ಮನೆಯ ಟ್ರಂಕಿನಲ್ಲಿ, ಇಂಥ ಜಮೀನು ಪ್ರತಿ ಊರಲ್ಲೂ ನಾಲ್ಕಾರು ಇರುತ್ತವೆ. ನಮ್ಮ ತಾತನ ಕಾಲದವರಿಗೆ ಮಳೆರಾಯನಷ್ಟೇ ಭಯ ಶಾನುಭೋಗರ ಪುಸ್ತಕದ ಬಗ್ಗೆಯೂ ಇತ್ತು. ಹೊಲ ಎಲ್ಲಿಗೂ ಓಡಿಹೋಗಲ್ಲ, ಪುಸ್ತಕದಲ್ಲಿರೋ ಹೆಸರು ಓಡಿಹೋಗಬಹುದು. ಡೊಮೇನಿಗಂತೂ ಹೊಲ ಅನ್ನೋದೇ ಇಲ್ಲ, ಇರೋದು ಬರೀ ಪುಸ್ತಕ. ಹಾಗಾದರೆ ಆ ಪುಸ್ತಕ ಯಾರ ಹತ್ತಿರ ಇದೆ? ಅವರು ನನ್ನ ಹೆಸರು ಹೊಡೆದು ಇನ್ನೊಬ್ಬನ ಹೆಸರು ಬರೆದುಬಿಟ್ಟರೆ ಯಾರನ್ನು ಕೇಳೋದು? ಈ ಪ್ರಶ್ನೆಗೆ ಅಮೆರಿಕದ ಒಂದು ನ್ಯಾಯಾಲಯ ನೇರವಾದ ಉತ್ತರ ಕೊಟ್ಟಿದ್ದು 2003ರಲ್ಲಿ. ಆ ಕೇಸಿನ ಕಥೆ ಡೊಮೇನ್ ವ್ಯಾಪಾರಕ್ಕೆ ಇಳಿಯೋ ಎಲ್ಲರಿಗೂ ಗೊತ್ತಿರಬೇಕು ಅಂತ ನನ್ನ ಅನಿಸಿಕೆ. ಆದರೆ ಅದಕ್ಕೆ ಮುಂಚೆ ಪುಸ್ತಕ ಹುಟ್ಟಿದ ಕಥೆ ಹೇಳಬೇಕು.

ಇಂಟರ್ನೆಟ್ಟಿನ ಅಪ್ಪ ಅನ್ನಿಸಿಕೊಂಡ ಆರ್ಪಾನೆಟ್ ಎಂಬ ಜಾಲದಲ್ಲಿ 1970ರ ದಶಕದಲ್ಲಿ ಇದ್ದ ಕಂಪ್ಯೂಟರುಗಳು ಕೆಲವು ನೂರು ಮಾತ್ರ. ಪ್ರತಿಯೊಂದಕ್ಕೂ ಒಂದು ನಂಬರು, ಜೊತೆಗೆ ನೆನಪಿಟ್ಟುಕೊಳ್ಳೋಕೆ ಒಂದು ಹೆಸರು. ಯಾವ ಹೆಸರಿಗೆ ಯಾವ ನಂಬರು ಅನ್ನೋ ಪಟ್ಟಿ ಒಂದೇ ಒಂದು ಫೈಲಿನಲ್ಲಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಹೆಸರು ಬೇಕಾದವರು ಕಚೇರಿ ವೇಳೆಯಲ್ಲಿ ಫೋನ್ ಮಾಡಬೇಕು, ಅವರು ಬರೆದುಕೊಳ್ಳಬೇಕು, ಮಿಕ್ಕವರು ಆ ಫೈಲನ್ನು ಆಗಾಗ ಇಳಿಸಿಕೊಳ್ಳಬೇಕು. ಅಷ್ಟೇ ವ್ಯವಸ್ಥೆ. ಜಾಲ ಬೆಳೆದ ಹಾಗೆ ಒಂದು ಫೈಲಿನಲ್ಲಿ ಬದುಕು ಸಾಗಲ್ಲ ಅಂತಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅನ್ನೋ ಎಂಜಿನಿಯರು, ಜಾನ್ ಪೋಸ್ಟೆಲ್ ಜೊತೆ ಸೇರಿ, ಇವತ್ತಿಗೂ ನಡೀತಿರೋ ಡೊಮೇನ್ ನೇಮ್ ಸಿಸ್ಟಮ್ ರೂಪಿಸಿದ. ಒಂದು ದೊಡ್ಡ ಪುಸ್ತಕವನ್ನು ಒಡೆದು ಊರೂರಿಗೆ ಹಂಚಿದ ಹಾಗೆ ಇದು. ಡಾಟ್ ಕಾಮ್‌ಗೆ ಒಂದು ಪುಸ್ತಕ, ಡಾಟ್ ಎಜುಗೆ ಇನ್ನೊಂದು, ಡಾಟ್ ಗವ್‌ಗೆ ಮತ್ತೊಂದು. 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿ ಡಾಟ್ ಕಾಮ್ ಪುಸ್ತಕದಲ್ಲಿ ಮೊದಲ ಹೆಸರು ಬರೆಸಿತು. ಆ ಇಡೀ ವರ್ಷ ಬರೆಸಿದವರು ಆರೇ ಜನ. ಯಾರಿಗೂ ಅವಸರ ಇರಲಿಲ್ಲ, ಯಾಕಂದರೆ ಯಾರೂ ದುಡ್ಡು ಕೇಳುತ್ತಿರಲಿಲ್ಲ, ದುಡ್ಡು ಮಾಡೋ ದಾರಿಯೂ ಕಾಣುತ್ತಿರಲಿಲ್ಲ. ಊರ ಗೋಮಾಳದ ಹಾಗೆ.

ಆ ಪೋಸ್ಟೆಲ್ ಇದ್ದನಲ್ಲ, ಉದ್ದ ಗಡ್ಡ ಬಿಟ್ಟುಕೊಂಡಿದ್ದ ಮನುಷ್ಯ, ಇಂಟರ್ನೆಟ್ಟಿನ ವಿಳಾಸಗಳ ಲೆಕ್ಕವನ್ನು ವರ್ಷಗಟ್ಟಲೆ ನೋಡಿಕೊಂಡವನು. 1994ರಲ್ಲಿ ಬರೆದ ಒಂದು ದಾಖಲೆಯಲ್ಲಿ ಅವನು, ಡಾಟ್ ಕಾಮ್, ಡಾಟ್ ಇನ್ ಥರದ ಮೇಲಿನ ಹಂತದ ಹೆಸರುಗಳನ್ನು ನಿರ್ವಹಿಸೋರು ಒಡೆತನ, ಹಕ್ಕು ಅಂತ ಮಾತಾಡೋದೇ ಸರಿಯಲ್ಲ, ಅವರು ಯೋಚಿಸಬೇಕಾದ್ದು ಜವಾಬ್ದಾರಿ ಮತ್ತು ಸೇವೆಯ ಬಗ್ಗೆ ಅಂತ ಹೇಳಿದ್ದ. ಅವನ ಉದ್ದೇಶದ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಅದೇ 1994ರಲ್ಲಿ ಗೋಮಾಳದ ಒತ್ತುವರಿ ಶುರುವಾಗಿ ಹೋಗಿತ್ತು.

ಅಷ್ಟೊತ್ತಿಗೆ ಡಾಟ್ ಕಾಮ್ ಪುಸ್ತಕ ವರ್ಜೀನಿಯಾದ ನೆಟ್‌ವರ್ಕ್ ಸಲ್ಯೂಷನ್ಸ್ ಅನ್ನೋ ಖಾಸಗಿ ಕಂಪನಿಯ ಕೈಗೆ ಬಂದಿತ್ತು. ಅಮೆರಿಕ ಸರ್ಕಾರದ ನ್ಯಾಷನಲ್ ಸೈನ್ಸ್ ಫೌಂಡೇಶನ್ 1993ರಿಂದ ಆ ಕೆಲಸವನ್ನು ಅವರಿಗೆ ಒಪ್ಪಿಸಿತ್ತು. ನಿಯಮ ಒಂದೇ: ಮೊದಲು ಬಂದವರಿಗೆ ಮೊದಲು. ಕೇಳೋನು ಯಾರು, ಆ ಹೆಸರಿಗೂ ಅವನಿಗೂ ಏನು ಸಂಬಂಧ ಅಂತ ಯಾರೂ ವಿಚಾರಿಸ್ತಿರಲಿಲ್ಲ. ಜೋಶುವಾ ಕ್ವಿಟ್ನರ್ ಅನ್ನೋ ಪತ್ರಕರ್ತ ಇದನ್ನು ಪರೀಕ್ಷೆ ಮಾಡೇ ಬಿಡೋಣ ಅಂತ ಮೆಕ್‌ಡೊನಾಲ್ಡ್ಸ್.ಕಾಮ್ ಹೆಸರನ್ನು ತನ್ನ ಹೆಸರಿಗೆ ಬರೆಸಿಕೊಂಡ. ಮುಂಚೆ ಬರ್ಗರ್ ಕಂಪನಿಗೇ ಫೋನ್ ಮಾಡಿ ವಿಚಾರಿಸಿದ್ದ, ಅಲ್ಲಿ ಯಾರಿಗೂ ಇದು ಏನಂತಲೇ ಅರ್ಥ ಆಗಿರಲಿಲ್ಲ. ಈ ಕಥೆಯನ್ನು 1994ರ ಅಕ್ಟೋಬರಿನ ವೈರ್ಡ್ ಪತ್ರಿಕೆಯಲ್ಲಿ ಬರೆದ. ಆಮೇಲೆ ಕಂಪನಿಗೆ ಎಚ್ಚರ ಆಯಿತು. ಒಂದು ಸರ್ಕಾರಿ ಶಾಲೆಗೆ ಇಂಟರ್ನೆಟ್ ಸೌಕರ್ಯಕ್ಕೆ 3,500 ಡಾಲರ್ ಕೊಡಿ, ಹೆಸರು ಬಿಟ್ಟುಕೊಡ್ತೀನಿ ಅಂದ. ಕೊಟ್ಟರು. ಡೊಮೇನ್ ಮಾರಾಟದ ಇತಿಹಾಸದಲ್ಲಿ ಇಷ್ಟು ಅಂದವಾದ ವ್ಯವಹಾರ ಮತ್ತೆ ನಡೆದಿದ್ದು ಕಮ್ಮಿ.

1995ರ ಸೆಪ್ಟೆಂಬರಿನಲ್ಲಿ ಕಂದಾಯ ಶುರುವಾಯಿತು. ಮೊದಲ ಎರಡು ವರ್ಷಕ್ಕೆ 100 ಡಾಲರ್, ಆಮೇಲೆ ವರ್ಷಕ್ಕೆ 50 ಡಾಲರ್. ಕಂದಾಯ ಬಿದ್ದರೆ ಜನ ಹಿಂದೆ ಸರೀತಾರೆ ಅಂದುಕೊಳ್ಳಬೇಡಿ, ಉಲ್ಟಾ ಆಗುತ್ತೆ. ಕಂದಾಯದ ರಸೀದಿ ಕೈಗೆ ಬಂದ ಮೇಲೇ ಅಲ್ಲವೇ "ಇದು ನಂದು" ಅನ್ನೋ ಧೈರ್ಯ ಬರೋದು? ಪ್ರಾಕ್ಟರ್ ಅಂಡ್ ಗ್ಯಾಂಬಲ್ ಅನ್ನೋ ಸೋಪಿನ ಕಂಪನಿ ಆ ವರ್ಷ ತಲೆಹೊಟ್ಟು, ಬಾಯಿವಾಸನೆ, ಭೇದಿ ಹೀಗೆ ಒಂದೊಂದು ಕಾಯಿಲೆಯ ಹೆಸರಿಗೂ ಡಾಟ್ ಕಾಮ್ ಬರೆಸಿಕೊಂಡಿತು. ಡಯೇರಿಯಾ.ಕಾಮ್‌ಗೂ ಮಾಲೀಕರು ಹುಟ್ಟಿಕೊಂಡರು ಅಂದ ಮೇಲೆ ಉಳಿದಿದ್ದೇನು!

ಇಲ್ಲಿಂದ ವ್ಯಾಪಾರಿಗಳು ಎರಡು ಜಾತಿ ಆದರು. ಒಂದು, ಬೇರೆಯವರ ಹೆಸರನ್ನು ಹಿಡಿದು ಕೂರೋರು. ಇಲಿನಾಯ್ ರಾಜ್ಯದ ಡೆನಿಸ್ ಟೋಪನ್ ಅನ್ನೋನು ಸಿನಿಮಾ ಕ್ಯಾಮೆರಾ ತಯಾರಿಸೋ ಪಾನಾವಿಷನ್ ಕಂಪನಿಯ ಹೆಸರನ್ನು ಬರೆಸಿಕೊಂಡು, ಕಂಪನಿ ಬಂದು ಕೇಳಿದಾಗ 13,000 ಡಾಲರ್ ಕೊಡಿ ಅಂದ. ಆ ವಿಳಾಸದಲ್ಲಿ ಅವನು ಹಾಕಿದ್ದು ಇಲಿನಾಯ್‌ನ ಪಾನಾ ಅನ್ನೋ ಊರಿನ ಫೋಟೋ. ನನ್ನ ಉದ್ದೇಶ ಬರೀ ಪಾನಾ ದರ್ಶನ ಅಂತ ತೋರಿಸಿಕೊಳ್ಳೋ ತಂತ್ರ! ಕೋರ್ಟು ನಗಲಿಲ್ಲ, 1998ರಲ್ಲಿ ಮೇಲ್ಮನವಿಯಲ್ಲೂ ಅವನು ಸೋತ. ಮಾರನೇ ವರ್ಷ ಅಮೆರಿಕ ಇಂಥವರ ಮೇಲೆ ಕಾಯಿದೆಯನ್ನೇ ತಂದಿತು, ಹೆಸರೊಂದಕ್ಕೆ 1 ಲಕ್ಷ ಡಾಲರ್ ತನಕ ದಂಡ ಹಾಕೋ ಅಧಿಕಾರ ನ್ಯಾಯಾಲಯಕ್ಕೆ ಬಂತು. ಇವರನ್ನು ಸೈಬರ್ ಸ್ಕ್ವಾಟರ್ ಅಂತಾರೆ. ಇದು ಹೂಡಿಕೆ ಅಲ್ಲ, ದಾರಿಗೆ ಅಡ್ಡ ಕಲ್ಲಿಟ್ಟು ಸುಂಕ ಕೇಳೋದು. ನಮ್ಮವರಲ್ಲೂ ಎಷ್ಟೋ ಜನ ಇದನ್ನೇ ಬುದ್ಧಿವಂತಿಕೆ ಅಂದುಕೊಂಡಿದಾರೆ.

ಎರಡನೇ ಜಾತಿಯವರು ಯಾರ ಸ್ವತ್ತೂ ಅಲ್ಲದ ಮಾತುಗಳನ್ನು ಹಿಡಿದರು. ಬಿಸಿನೆಸ್, ಜಾಬ್ಸ್, ಆಟೋಸ್, ಇಂಥವು. ಗೂಗಲ್ ಇನ್ನೂ ಹುಟ್ಟಿರದ ಕಾಲ ಅದು. ಏನಾದರೂ ಬೇಕಾದರೆ ಜನ ಆ ಪದ ಬರೆದು ಮುಂದೆ ಡಾಟ್ ಕಾಮ್ ಸೇರಿಸಿ ಎಂಟರ್ ಒತ್ತುತ್ತಿದ್ದರು. ಹಾಗಾಗಿ ಇಂಥ ಹೆಸರು ಅಂದರೆ ಹೆದ್ದಾರಿ ಪಕ್ಕದ ಸೈಟು, ಬೋರ್ಡು ಹಾಕದಿದ್ದರೂ ಗಿರಾಕಿ ಬರ್ತಾರೆ. ಹ್ಯೂಸ್ಟನ್ನಿನ ಮಾರ್ಕ್ ಆಸ್ಟ್ರಾಫ್ಸ್ಕಿ 1997ರಲ್ಲಿ ಬಿಸಿನೆಸ್.ಕಾಮ್ ಹೆಸರನ್ನು 1.5 ಲಕ್ಷ ಡಾಲರಿಗೆ ಕೊಂಡಾಗ ಜನ ನಕ್ಕರಂತೆ. 1999ರ ಕೊನೆಗೆ ಅದನ್ನೇ 75 ಲಕ್ಷ ಡಾಲರಿಗೆ ಮಾರಿದ.

ಈಗ ಆ ಕೇಸಿಗೆ ಬರೋಣ. ಒಂದು ತೊಂದರೆ ಏನಂದರೆ ಆ ಕೇಸಿನ ನಡುಮಧ್ಯೆ ಇರೋ ಹೆಸರನ್ನು ಮನೆಯಲ್ಲಿ ಅತ್ತೆ ಮಾವನ ಮುಂದೆ ಗಟ್ಟಿಯಾಗಿ ಓದೋಕೆ ಆಗಲ್ಲ. ಆದರೂ ಬರೆಯಲೇಬೇಕು: ಸೆಕ್ಸ್.ಕಾಮ್.

ಗ್ಯಾರಿ ಕ್ರೆಮೆನ್ ಸ್ಟ್ಯಾನ್‌ಫರ್ಡಿನಲ್ಲಿ ಎಂಬಿಎ ಓದಿದವನು. ಪೇಪರಿನ ವರ್ಗೀಕೃತ ಜಾಹೀರಾತುಗಳೆಲ್ಲ ಒಂದು ದಿನ ಕಂಪ್ಯೂಟರಿಗೆ ಬರುತ್ತವೆ ಅಂತ ಬೇಗ ಕಂಡುಕೊಂಡ. ಗಂಡು ಹೆಣ್ಣು ಪರಿಚಯಿಸೋ ಮ್ಯಾಚ್.ಕಾಮ್ ಶುರು ಮಾಡಿದ್ದೂ ಅವನೇ. 1994ರಲ್ಲಿ, ಅಂದರೆ ಕಂದಾಯಕ್ಕೂ ಮುಂಚೆ, ತನ್ನ 'ಆನ್‌ಲೈನ್ ಕ್ಲಾಸಿಫೈಡ್ಸ್' ಅನ್ನೋ ಉದ್ಯಮದ ಹೆಸರಿನಲ್ಲಿ ಸೆಕ್ಸ್.ಕಾಮ್ ಬರೆಸಿದ. ಖರ್ಚು ಸೊನ್ನೆ. ಬರೆಸಿ ಸುಮ್ಮನಿದ್ದ, ಅದರಲ್ಲಿ ಏನೂ ಮಾಡಲಿಲ್ಲ.

ಸ್ಟೀಫನ್ ಮೈಕೆಲ್ ಕೋಹೆನ್ ಅನ್ನೋನು 1995ರಲ್ಲಿ ಜೈಲಿಂದ ಹೊರಗೆ ಬಂದ. ಜನರಿಗೆ ಟೋಪಿ ಹಾಕೋದು ಅವನ ಹಳೆಯ ಕಸುಬು, ವಕೀಲನ ವೇಷ ಹಾಕಿದ ಪ್ರಕರಣವೂ ಅದರಲ್ಲಿ ಸೇರಿತ್ತು. ಅವನ ಕಣ್ಣು ಈ ಹೆಸರಿನ ಮೇಲೆ ಬಿತ್ತು. 1995ರ ಅಕ್ಟೋಬರಿನಲ್ಲಿ ಅವನು ನೆಟ್‌ವರ್ಕ್ ಸಲ್ಯೂಷನ್ಸ್‌ಗೆ ಒಂದು ಪತ್ರ ಕಳಿಸಿದ. ಪತ್ರ ಆನ್‌ಲೈನ್ ಕ್ಲಾಸಿಫೈಡ್ಸ್ ಕಡೆಯಿಂದ ಕೋಹೆನ್‌ಗೆ ಬಂದ ಹಾಗಿತ್ತು, ಕೆಳಗೆ ಅಧ್ಯಕ್ಷೆಯ ಸಹಿ. ಸಾರಾಂಶ ಇಷ್ಟು: ಕ್ರೆಮೆನ್‌ನನ್ನು ಕೆಲಸದಿಂದ ತೆಗೆದಿದ್ದೇವೆ, ಆ ಹೆಸರು ನಮಗೆ ಬೇಡ ಅಂತ ನಮ್ಮ ಆಡಳಿತ ಮಂಡಳಿ ತೀರ್ಮಾನಿಸಿದೆ, ನೀವು ತೆಗೆದುಕೊಳ್ಳಬಹುದು. ನೇರವಾಗಿ ನೋಂದಣಿಯವರಿಗೆ ಯಾಕೆ ಹೇಳಲಿಲ್ಲ ಅಂದರೆ, ನಮ್ಮ ಕಂಪನಿಗೆ ಇಂಟರ್ನೆಟ್ ಸಂಪರ್ಕ ಇಲ್ಲ, ಆದ್ದರಿಂದ ನಮ್ಮ ಪರವಾಗಿ ನೀವೇ ತಿಳಿಸಿ. ಹೆಸರೇ ಆನ್‌ಲೈನ್ ಕ್ಲಾಸಿಫೈಡ್ಸ್, ಆದರೆ ಇಂಟರ್ನೆಟ್ ಇಲ್ಲ!

ನಮ್ಮ ನಾಡಕಚೇರಿಯ ಮುಂದೆ ಅರ್ಜಿ ಬರೆದುಕೊಡೋ ಅಜ್ಜನೂ ಇದಕ್ಕಿಂತ ಜೋಪಾನವಾಗಿ ಸುಳ್ಳು ಹೆಣೀತಾನೆ. ಆದರೆ ನೆಟ್‌ವರ್ಕ್ ಸಲ್ಯೂಷನ್ಸ್ ಆ ಪತ್ರವನ್ನು ಹಾಗೇ ನಂಬಿತು. ಪುಸ್ತಕದಲ್ಲಿ ಸಂಪರ್ಕಕ್ಕೆ ಅಂತ ಇದ್ದಿದ್ದು ಕ್ರೆಮೆನ್ ಹೆಸರು, ಅವನಿಗೆ ಒಂದು ಫೋನ್ ಹೋಗಲಿಲ್ಲ. ಖಾತೆ ಬದಲಾಯಿತು. ಕ್ರೆಮೆನ್ ಗೊತ್ತಾಗಿ ಕೇಳಿದಾಗ, ಆಗಿದ್ದು ಆಗಿಹೋಯಿತು, ಈಗ ಏನೂ ಮಾಡೋಕಾಗಲ್ಲ ಅಂದರು. ನಮ್ಮ ಕಡೆಯವರಿಗೆ ಈ ಉತ್ತರ ಎಷ್ಟು ಚೆನ್ನಾಗಿ ಗೊತ್ತು ಅಂದರೆ, ಮೊದಲ ಸಲ ಈ ಕೇಸು ಓದಿದಾಗ ನನಗೆ ವರ್ಜೀನಿಯಾ ಯಾವುದೋ ಪಕ್ಕದ ಹೋಬಳಿ ಥರ ಅನ್ನಿಸಿತು.

ಕೋಹೆನ್ ಆ ಸೈಟಿನಲ್ಲಿ ಜಾಹೀರಾತುಗಳನ್ನು ತುಂಬಿದ. ಹೆದ್ದಾರಿ ಸೈಟಿಗೆ ಗಿರಾಕಿ ತಾವಾಗೇ ಬಂದರು, ದುಡ್ಡು ಹರಿಯಿತು. ಕ್ರೆಮೆನ್ 1998ರಲ್ಲಿ ಕೋರ್ಟಿಗೆ ಹೋದ. ಕೋಹೆನ್ ವಾದ ಏನು ಗೊತ್ತಾ? ನಾನು 1979ರಿಂದಲೇ ಒಂದು ಬುಲೆಟಿನ್ ಬೋರ್ಡಿನಲ್ಲಿ ಈ ಹೆಸರು ಬಳಸ್ತಿದ್ದೆ ಅಂದ. ಡಾಟ್ ಕಾಮ್ ಅನ್ನೋದು ಹುಟ್ಟೋಕೆ ಆರು ವರ್ಷ ಮುಂಚೆ! 2000ದ ನವೆಂಬರಿನಲ್ಲಿ ನ್ಯಾಯಾಧೀಶ ಜೇಮ್ಸ್ ವೇರ್ ಹೆಸರನ್ನು ಕ್ರೆಮೆನ್‌ಗೆ ವಾಪಸ್ ಕೊಡಿಸಿದರು. ಮಾರನೇ ವರ್ಷ ಪರಿಹಾರದ ಮೊತ್ತ ನಿಗದಿಯಾಯಿತು. ಕೋಹೆನ್ ಮಾಡಿದ ಲಾಭಕ್ಕೆ 4 ಕೋಟಿ, ದಂಡನೆಗೆ 2.5 ಕೋಟಿ, ಒಟ್ಟು 6.5 ಕೋಟಿ ಡಾಲರ್. ಆದರೆ ಅಷ್ಟೊತ್ತಿಗೆ ಕೋಹೆನ್ ದುಡ್ಡನ್ನು ಹೊರದೇಶಕ್ಕೆ ಸಾಗಿಸಿ ತಾನೂ ಮೆಕ್ಸಿಕೋಗೆ ದಾಟಿದ್ದ. ಕ್ರೆಮೆನ್ ಅವನನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನ ಅಂತ ಪ್ರಕಟಿಸಿದ. 2005ರಲ್ಲಿ ಮೆಕ್ಸಿಕೋದವರು ಟಿಹುವಾನಾದಲ್ಲಿ ಹಿಡಿದು ಒಪ್ಪಿಸಿದರು, ಒಂದು ವರ್ಷಕ್ಕೂ ಮೇಲೆ ಜೈಲಲ್ಲಿದ್ದು ಬಂದ. ಆ 6.5 ಕೋಟಿಯಲ್ಲಿ ಕ್ರೆಮೆನ್ ಕೈಗೆ ಬಂದಿದ್ದು ಕೋಹೆನ್‌ನ ಒಂದು ದೊಡ್ಡ ಬಂಗಲೆ ಮತ್ತೆ ಅಲ್ಪಸ್ವಲ್ಪ. ಈ ಸಿನಿಮಾ ಭಾಗವನ್ನೇ ಎಲ್ಲರೂ ರಸವತ್ತಾಗಿ ಹೇಳ್ತಾರೆ. ನನಗೆ ಮುಖ್ಯ ಅನ್ನಿಸೋದು ಇದರ ಪಕ್ಕದಲ್ಲೇ ಸದ್ದಿಲ್ಲದೆ ನಡೆದ ಇನ್ನೊಂದು ವಾದ.

ಕಳ್ಳ ಸಿಗಲಿಲ್ಲ. ಸರಿ, ಖಾತೆ ಬದಲಾಯಿಸಿ ಕೊಟ್ಟವರ ಜವಾಬ್ದಾರಿ ಏನು? ಕ್ರೆಮೆನ್ ನೆಟ್‌ವರ್ಕ್ ಸಲ್ಯೂಷನ್ಸ್ ಮೇಲೂ ದಾವೆ ಹೂಡಿದ್ದ. ನಿಮ್ಮ ಜೊತೆ ನನಗೆ ಕರಾರಿತ್ತು, ಅದನ್ನು ಮುರಿದಿರಿ ಅನ್ನೋದು ಅವನ ಮೊದಲ ವಾದ. ಕೋರ್ಟು ಹೇಳಿತು: ನೀನು ಒಂದು ಪೈಸೆ ಕೊಟ್ಟಿಲ್ಲ, ಪ್ರತಿಫಲ ಇಲ್ಲದ ಮೇಲೆ ಕರಾರು ಎಲ್ಲಿಂದ ಬಂತು? ನೋಡಿ, ಬಿಟ್ಟಿ ಸಿಕ್ಕಿದ್ದೇ ಮುಳುವಾಯಿತು. ಎರಡನೇ ವಾದ, ನನ್ನ ಸ್ವತ್ತನ್ನು ನೀವು ಬೇರೆಯವರಿಗೆ ಕೊಟ್ಟಿರಿ. ಕೆಳಗಿನ ಕೋರ್ಟು ಇದನ್ನೂ ತಳ್ಳಿಹಾಕಿತು. ಹೆಸರು ಅನ್ನೋದು ಕೈಯಲ್ಲಿ ಹಿಡಿಯೋ ವಸ್ತುವಲ್ಲ, ಹಿಡಿಯೋಕಾಗದ ವಸ್ತುವಿಗೆ ಈ ಹಳೇ ಕಾನೂನು ಅನ್ವಯ ಆಗಲ್ಲ ಅನ್ನೋದು ಅದರ ತೀರ್ಮಾನ.

ಮೇಲ್ಮನವಿ ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯಕ್ಕೆ ಹೋಯಿತು. 2003ರ ಜುಲೈ 25ರಂದು ನ್ಯಾಯಾಧೀಶ ಅಲೆಕ್ಸ್ ಕೊಜಿನ್ಸ್ಕಿ ಬರೆದ ತೀರ್ಪು ಓದೋಕೆ ಮಜಾ ಇದೆ, ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತೆ. ಅವರು ಮೂರು ಪ್ರಶ್ನೆ ಕೇಳಿದರು. ಇದು ಇಂಥದ್ದೇ ಅಂತ ಗುರುತಿಸೋಕೆ ಆಗುತ್ತಾ? ಒಬ್ಬನೇ ಹಿಡಿತದಲ್ಲಿ ಇಟ್ಟುಕೊಳ್ಳೋಕೆ ಆಗುತ್ತಾ? ಬೇರೆಯವರನ್ನು ದೂರ ಇಡೋಕೆ ಅವನಿಗೆ ನ್ಯಾಯವಾದ ಹಕ್ಕು ಇದೆಯಾ? ಡೊಮೇನಿಗೆ ಮೂರೂ ಹೊಂದುತ್ತವೆ, ಆದ್ದರಿಂದ ಅದು ಸ್ವತ್ತೇ. ಡೊಮೇನ್ ನೋಂದಾಯಿಸೋದು ಅಂದರೆ ಭೂದಾಖಲೆ ಕಚೇರಿಗೆ ಹೋಗಿ ಈ ತುಂಡು ಜಮೀನು ನಂದು ಅಂತ ಬರೆಸಿದ ಹಾಗೆ ಅಂತ ಅವರೇ ಹೋಲಿಕೆ ಕೊಟ್ಟಿದ್ದಾರೆ. ಹಾಗಾಗಿ ಪಹಣಿ ಅನ್ನೋ ನನ್ನ ಮಾತು ಬರೀ ಹಳ್ಳಿ ಹುಡುಗನ ಚಾಳಿ ಅಲ್ಲ! ಇನ್ನು, ಹಿಡಿಯೋಕಾಗದ ಸ್ವತ್ತು ಯಾವುದಾದರೂ ಒಂದು ದಾಖಲೆಯಲ್ಲಿ ಬೆರೆತಿರಬೇಕು ಅನ್ನೋ ಹಳೇ ವಾದಕ್ಕೆ ಅವರ ಉತ್ತರ ಇನ್ನೂ ಚೆಂದ. ಡೊಮೇನ್ ನೇಮ್ ಸಿಸ್ಟಮ್ಮೇ ಆ ದಾಖಲೆ, ಕಾಗದದ ಬದಲು ಊರೂರಿಗೆ ಹಂಚಿಹೋಗಿರೋ ಡೇಟಾಬೇಸಿನಲ್ಲಿದೆ ಅಷ್ಟೆ ಅಂದರು. ಮೊಕಪೆಟ್ರಿಸ್ 1983ರಲ್ಲಿ ಪುಸ್ತಕವನ್ನು ಒಡೆದು ಹಂಚಿದ್ದನಲ್ಲ, ಅದನ್ನು ಕೋರ್ಟು ಇಪ್ಪತ್ತು ವರ್ಷದ ಮೇಲೆ ಪುಸ್ತಕ ಅಂತಲೇ ಒಪ್ಪಿಕೊಂಡಿತು. ನಕಲಿ ಪತ್ರ ನಂಬಿ ಒಬ್ಬನ ಷೇರನ್ನು ಇನ್ನೊಬ್ಬನಿಗೆ ಕೊಟ್ಟ ಕಂಪನಿ ಹೇಗೆ ಹೊಣೆಯೋ, ಹಾಗೇ ನೋಂದಣಿ ಕಂಪನಿಯೂ ಹೊಣೆ. ಮುಂದೆ 2004ರಲ್ಲಿ ಎರಡೂ ಕಡೆಯವರು ಹೊರಗೇ ರಾಜಿ ಮಾಡಿಕೊಂಡರು.

ಇಷ್ಟಕ್ಕೇ "ಸರಿ, ಡೊಮೇನ್ ಆಸ್ತಿ" ಅಂತ ಷರಾ ಬರೆದು ಎದ್ದುಹೋಗೋ ಹಾಗಿಲ್ಲ. ಮೂರು ವರ್ಷ ಮುಂಚೆ, 2000ದ ಏಪ್ರಿಲಿನಲ್ಲಿ, ನೆಟ್‌ವರ್ಕ್ ಸಲ್ಯೂಷನ್ಸ್‌ನ ತವರು ರಾಜ್ಯ ವರ್ಜೀನಿಯಾದ ಸುಪ್ರೀಂ ಕೋರ್ಟು ಬೇರೆ ದಾರಿ ಹಿಡಿದಿತ್ತು. ಅಂಬ್ರೋ ಅನ್ನೋ ಕ್ರೀಡಾ ಉಡುಪಿನ ಕಂಪನಿ ತನ್ನ ಸಾಲಗಾರರ ಹೆಸರಿನಲ್ಲಿದ್ದ ಡೊಮೇನುಗಳನ್ನು ಜಪ್ತಿ ಮಾಡಿಸಿ ಹರಾಜು ಹಾಕಿಸೋಕೆ ಹೊರಟಿತ್ತು. ಆಗಲ್ಲ ಅಂತು ಕೋರ್ಟು. ನೋಂದಣಿದಾರನಿಗೆ ಇರೋದು ಕಂಪನಿಯ ಜೊತೆಗಿನ ಸೇವಾ ಕರಾರು, ಡೊಮೇನ್ ಆ ಕರಾರಿನಿಂದ ಬಂದಿದ್ದು, ಅದನ್ನು ಬಿಟ್ಟು ಬೇರೆಯಾಗಿ ನಿಲ್ಲಲ್ಲ, ಜಪ್ತಿ ಮಾಡೋ ಹಾಗಿಲ್ಲ ಅನ್ನೋದು ಆ ತೀರ್ಪು. ಅಂದರೆ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಜಮೀನು, ವರ್ಜೀನಿಯಾದಲ್ಲಿ ಕರೆಂಟ್ ಕನೆಕ್ಷನ್ ಥರ. ಬಿಲ್ಲು ಕಟ್ಟೋ ತನಕ ನಿಂದು.

ನಿಜ ಹೇಳಬೇಕಂದರೆ ದಿನನಿತ್ಯದ ವ್ಯವಹಾರ ನಡೆಯೋದು ವರ್ಜೀನಿಯಾ ತೀರ್ಪಿನ ಥರವೇ. ವರ್ಷದ ಕಂದಾಯ ಕಟ್ಟಲಿಲ್ಲ ಅಂದುಕೊಳ್ಳಿ. ಒಂದಿಷ್ಟು ದಿನ ರಿಯಾಯಿತಿ, ಆಮೇಲೆ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳೋಕೆ 30 ದಿನ, ಆಮೇಲೆ 5 ದಿನ ಸುಮ್ಮನೆ ಕೂತು ಪುಸ್ತಕದಿಂದ ಅಳಿಸಿಹೋಗುತ್ತೆ. ಅಳಿಸೋ ಆ ಕ್ಷಣಕ್ಕೇ ಹಿಡಿಯೋಕೆ ಕಾದು ಕೂತಿರೋ ಕಂಪನಿಗಳಿವೆ, ಡ್ರಾಪ್ ಕ್ಯಾಚಿಂಗ್ ಅಂತಾರೆ. ಯಾವ ಜಮೀನೂ ಒಂದು ವರ್ಷದ ಕಂದಾಯ ಬಾಕಿಗೆ ಹೀಗೆ ಎರಡು ಮೂರು ತಿಂಗಳಲ್ಲಿ ಕೈತಪ್ಪಲ್ಲ.

ಬೆಂಗಳೂರಿಗೂ ಇಂಥದ್ದೊಂದು ಕೇಸಿನ ನಂಟಿದೆ. ಸತ್ಯಂ ಇನ್ಫೋವೇ ಕಂಪನಿ 'ಸಿಫಿ' ಅನ್ನೋ ಹೆಸರು ಕಟ್ಟಿಕೊಂಡು 1999ರಲ್ಲಿ ಡೊಮೇನುಗಳನ್ನು ಬರೆಸಿತ್ತು. ಆಮೇಲೆ ಸಿಫಿನೆಟ್ ಸಲ್ಯೂಷನ್ಸ್ ಅನ್ನೋ ಇನ್ನೊಂದು ಕಂಪನಿ ಇಂಗ್ಲಿಷಿನಲ್ಲಿ ಒಂದು 'ಎಫ್' ಜಾಸ್ತಿ ಹಾಕಿ ಅದೇ ಉಚ್ಚಾರದ ಹೆಸರು ಬರೆಸಿಕೊಂಡಿತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟು ಸತ್ಯಂ ಪರವಾಗಿ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕ ಹೈಕೋರ್ಟು ಅದನ್ನು ತೆರವು ಮಾಡಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಸತ್ಯಂ ಪರವಾಗಿ ನಿಂತಿತು. ಡೊಮೇನ್ ಹೆಸರು ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತೂ ಹೌದು, ಟ್ರೇಡ್‌ಮಾರ್ಕಿಗೆ ಸಿಗೋ ರಕ್ಷಣೆ ಅದಕ್ಕೂ ಸಿಗುತ್ತೆ ಅನ್ನೋದು ಆ ತೀರ್ಪಿನ ತಿರುಳು. ಆದರೆ ಗಮನಿಸಿ, ಇಲ್ಲಿ ಗೆದ್ದಿದ್ದು ಹೆಸರನ್ನು ಬಳಸಿ ವ್ಯಾಪಾರ ಕಟ್ಟಿದವರು. ಬರೆಸಿ ಸುಮ್ಮನೆ ಇಟ್ಟುಕೊಂಡ ಹೂಡಿಕೆದಾರನಿಗೆ ಈ ತೀರ್ಪಿನಿಂದ ದೊಡ್ಡ ಆಸರೆ ಏನಿಲ್ಲ. ಮಾರನೇ ವರ್ಷ ಡಾಟ್ ಇನ್ ಹೆಸರುಗಳನ್ನು ಸರ್ಕಾರ ಎಲ್ಲರಿಗೂ ತೆರೆಯಿತು. ಆಮೇಲೆ ಕನ್ನಡ ಲಿಪಿಯಲ್ಲೇ ಬರೆಯೋ .ಭಾರತ ಕೂಡ ಬಂತು. ಅಲ್ಲಿ ಎಷ್ಟೋ ಒಳ್ಳೊಳ್ಳೆ ಕನ್ನಡ ಪದಗಳು ಈಗಲೂ ಖಾಲಿ ಬಿದ್ದಿರಬೇಕು, ಯಾಕಂದರೆ ಕನ್ನಡದಲ್ಲಿ ವಿಳಾಸ ಟೈಪ್ ಮಾಡೋ ಅಭ್ಯಾಸ ನಮಗೇ ಆಗಿಲ್ಲ. ಗಿರಾಕಿ ಓಡಾಡದ ರಸ್ತೆಯಲ್ಲಿ ಸೈಟಿಗೆ ಬೆಲೆ ಎಲ್ಲಿಂದ ಬರಬೇಕು?

ಇಡೀ ವ್ಯಾಪಾರದ ಬುಡ ಇರೋದೂ ಇಲ್ಲೇ. 1990ರ ದಶಕದಲ್ಲಿ ಸಾಮಾನ್ಯ ಪದಗಳಿಗೆ ಬೆಲೆ ಬಂದಿದ್ದು ಜನ ಅವನ್ನು ನೇರವಾಗಿ ಟೈಪ್ ಮಾಡ್ತಿದ್ದರು ಅಂತ. ಈಗ ಬ್ರೌಸರಿನ ಮೇಲಿನ ಪಟ್ಟಿಯಲ್ಲಿ ಏನು ಬರೆದರೂ ಅದು ಹುಡುಕಾಟಕ್ಕೆ ಹೋಗುತ್ತೆ, ಮಿಕ್ಕವರು ಆ್ಯಪ್ ಒತ್ತುತ್ತಾರೆ. ಚಿಕ್ಕ, ಚೊಕ್ಕ ಹೆಸರಿಗೆ ಕಂಪನಿಗಳು ಈಗಲೂ ಕೋಟಿ ಕೊಡ್ತಾರೆ, ಸುಳ್ಳಲ್ಲ, ಆದರೆ ಅದು ಪ್ರತಿಷ್ಠೆಯ ಬೆಲೆ. ಹೆದ್ದಾರಿ ಬೇರೆ ಕಡೆ ತಿರುಗಿದ ಮೇಲೆ ಹಳೇ ಹೆದ್ದಾರಿ ಪಕ್ಕದ ಹೋಟೆಲುಗಳು ನೆನಪಿಗೆ ಬರ್ತವೆ ನನಗೆ. ನಮ್ಮ ಅರವತ್ತು ಡೊಮೇನಿನ ಗೆಳೆಯ ವರ್ಷಕ್ಕೆ ಅರವತ್ತು ಸಾವಿರ ಕಂದಾಯ ಕಟ್ತಾನೆ, ಒಂದೂ ಮಾರದೆ ಐದು ವರ್ಷ ಕಳೆದರೆ ಮೂರು ಲಕ್ಷ. ಎರಡು ಮೂರು ಹೆಸರಾದರೂ ಒಳ್ಳೆ ಬೆಲೆಗೆ ಹೋಗಲಿಲ್ಲ ಅಂದರೆ ಉಳಿದ ಐವತ್ತೇಳು ಅವನ್ನು ತಿಂದುಹಾಕುತ್ತವೆ. ಮಾರಾಟದ ಸುದ್ದಿ ಪೇಪರಿಗೆ ಬರುತ್ತೆ, ಕಟ್ಟಿದ ಕಂದಾಯದ ಸುದ್ದಿ ಯಾರೂ ಬರೆಯಲ್ಲ.

ಸೆಕ್ಸ್.ಕಾಮ್ ಮುಂದೇನಾಯಿತು ಅಂತ ಹೇಳದಿದ್ದರೆ ನೀವು ಬಿಡಲ್ಲ. ವಾಪಸ್ ಸಿಕ್ಕ ಹೆಸರನ್ನು ಕ್ರೆಮೆನ್ ಕೆಲವು ವರ್ಷ ನಡೆಸಿ 2006ರಲ್ಲಿ ಎಸ್ಕಾಮ್ ಅನ್ನೋ ಕಂಪನಿಗೆ ಮಾರಿದ. ಕೋಟಿ ಡಾಲರಿಗೂ ಮೇಲಿನ ವ್ಯವಹಾರ, ಅದರಲ್ಲಿ ಸಾಲದ ಪಾಲೂ ಇತ್ತು. ಕೊಂಡವರಿಗೆ ಸಾಲ ತೀರಿಸೋಕೆ ಆಗಲಿಲ್ಲ. 2010ರ ಮಾರ್ಚಿನಲ್ಲಿ ಹೆಸರು ಹರಾಜಿಗೆ ಬಂತು, ಉಳಿದ ಸಾಲಗಾರರು ದಿವಾಳಿ ಅರ್ಜಿ ಹಾಕಿ ಹರಾಜು ನಿಲ್ಲಿಸಿದರು. ಕೊನೆಗೆ ಅದೇ ವರ್ಷ 1.3 ಕೋಟಿ ಡಾಲರಿಗೆ ಮಾರಾಟವಾಯಿತು. ಆ ಕಾಲಕ್ಕೆ ಅದು ದಾಖಲೆಯ ಬೆಲೆ, ಪತ್ರಿಕೆಗಳೆಲ್ಲ ಹಾಗೇ ಬರೆದವು. ನಾಲ್ಕು ವರ್ಷ ಬಡ್ಡಿ ಕಟ್ಟಿ ದಿವಾಳಿಯಾದವರ ಲೆಕ್ಕದಲ್ಲಿ ಅದು ಏನು ಅಂತ ನೀವೇ ಗುಣಿಸಿ ನೋಡಿ.

ಪುಸ್ತಕ ಇಟ್ಟುಕೊಂಡಿದ್ದವರ ಕಥೆಗೆ ಬಂದರೆ, ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿಯನ್ನು 1995ರಲ್ಲಿ ಎಸ್‌ಎಐಸಿ ಅನ್ನೋ ಕಂಪನಿ ಸುಮಾರು 47 ಲಕ್ಷ ಡಾಲರಿಗೆ ಕೊಂಡಿತ್ತು. 2000ದಲ್ಲಿ ಅದನ್ನು ಕೊಳ್ಳೋಕೆ ವೆರಿಸೈನ್ ಘೋಷಿಸಿದ ಬೆಲೆ 2,100 ಕೋಟಿ ಡಾಲರ್, ಷೇರುಗಳ ರೂಪದಲ್ಲಿ. ಡಾಟ್ ಕಾಮ್ ಪುಸ್ತಕ ಇವತ್ತಿಗೂ ವೆರಿಸೈನ್ ಹತ್ತಿರವೇ ಇದೆ. ಅದರಲ್ಲಿ 15 ಕೋಟಿಗೂ ಹೆಚ್ಚು ಹೆಸರುಗಳಿವೆ, 2024ರ ಸೆಪ್ಟೆಂಬರಿನಿಂದ ಒಂದೊಂದಕ್ಕೂ ವರ್ಷಕ್ಕೆ 10.26 ಡಾಲರ್ ಸಗಟು ದರ ಅವರಿಗೆ ಸಲ್ಲುತ್ತೆ. ಗೆಳೆಯನ ಅರವತ್ತು ಹೆಸರಿಗೂ ಅದೇ ದರ, 1.3 ಕೋಟಿಗೆ ಮಾರಾಟವಾದ ಆ ಹೆಸರಿಗೂ ಅದೇ ದರ.